ಡಬ್ಬಿಯ ಮೇಲಿನ ಕೆಂಪು ಅಕ್ಷರ

ಇಂಥದ್ದನ್ನೆಲ್ಲ ನಾನು ನಂಬುವವಳೇ ಅಲ್ಲ. ಯಾರಾದರೂ ಪವಾಡ ಗಿವಾಡ ಎಂದು ಶುರು ಮಾಡಿದರೆ 'ನಿಮಗೆ ನಿದ್ದೆ ಸಾಲದು, ಹೋಗಿ ಮಲಗಿ' ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನೀವು ನನಗೆ ಅದನ್ನೇ ಹೇಳಿದರೂ ಬೇಜಾರಿಲ್ಲ.

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್. ನಾನೂ ನನ್ನ ಯಜಮಾನರೂ ಇಬ್ಬರೂ ಫಾರ್ಮಸಿ ಓದಿದವರು. ನನ್ನ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ, ಮುಚ್ಚಿಡುವುದೇಕೆ? ನೋವಿನ ಮಾತ್ರೆ ಕೇಳುವ ಗರ್ಭಿಣಿಗೆ ಮೊದಲು 'ಎಷ್ಟು ತಿಂಗಳವ್ವಾ?' ಎನ್ನುತ್ತೇನೆ. ಪ್ಯಾರಾಸಿಟಮಾಲ್ ಆದರೂ ಡಾಕ್ಟರನ್ನು ಕೇಳಿ, ಬೇಕಾದಷ್ಟೇ. ಬೇರೆ ನೋವಿನ ಮಾತ್ರೆ ತಾವಾಗಿ ನುಂಗುವುದು ಬೇಡವೇ ಬೇಡ. ಕೂಸುಗಳ ಔಷಧವಾದರೆ ಎಷ್ಟು, ಹೇಗೆ ಎಂದು ಡಬ್ಬಿಯ ಮೇಲೆ ಕೆಂಪು ಪೆನ್ನಿನಲ್ಲಿ ದುಂಡಗೆ ಬರೆದೇ ಕೊಡುವುದು. ಯಜಮಾನರು ಬಾಯಲ್ಲಿ ಹೇಳುತ್ತಾರೆ, ಬರೆಯುವುದಿಲ್ಲ. ಅವರ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು.

ಕೆಲವು ವರ್ಷಗಳ ಹಿಂದಿನ ಮಾತು. ಹರಿಹರದ ಪಕ್ಕದ ಗುತ್ತೂರಿನಲ್ಲಿ ನನ್ನ ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯ. ಬೆಳಿಗ್ಗೆಯೇ ಬಸ್ಸು ಹತ್ತಿದವಳು ದೀಪ ಹಚ್ಚುವ ಹೊತ್ತಿಗೆ ವಾಪಸಾದೆ. ಕೆಂಪು ಪೆನ್ನು ಇಡೀ ದಿನ ನನ್ನ ಬ್ಯಾಗಿನಲ್ಲೇ ಇತ್ತು. ಅಂಗಡಿಯಲ್ಲಿ ಬೇರೆ ಕೆಂಪು ಪೆನ್ನು ಇರಲಿಲ್ಲ.

ಮರುದಿನ ಹಿಂದಿನ ಬೀದಿಯ ಗೌರಮ್ಮ ಅಂಗಡಿಗೆ ಬಂದವರೇ ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದೂವರೆ ತಿಂಗಳ ಕೂಸಿಗೆ ಇಂಜೆಕ್ಷನ್ ಹಾಕಿಸಿದ ಮೇಲೆ ಜ್ವರ. ಡಾಕ್ಟರು ತೂಕ ನೋಡಿ ಪ್ಯಾರಾಸಿಟಮಾಲ್ ಹನಿ ಬರೆದುಕೊಟ್ಟಿದ್ದರು. ಹಿಂದಿನ ದಿನ ಮಧ್ಯಾಹ್ನ ಗೌರಮ್ಮನ ಗಂಡ ಅದನ್ನು ನಮ್ಮಲ್ಲಿಂದ ಒಯ್ದಿದ್ದರು.

"ಇಷ್ಟು ಹನಿ ಎಲ್ಲಿಗೆ ಸಾಕಾಗ್ತೈತೆ ಅಂತ ನಾನು ಒಳಲೆ ತುಂಬ ಹಾಕಿದ್ದೆ ಯವ್ವಾ. ನಾಕು ಮಕ್ಕಳಿಗೆ ಅದರಾಗೇ ಹಾಲು ಕುಡಿಸಿ ಬೆಳೆಸೀನಿ. ಇನ್ನೇನು ಬಾಯಿಗಿಡಬೇಕು, ಮಗಳು ಡಬ್ಬಿ ಓದಿ ಕೈ ಹಿಡ್ಕಂಡ್ಲು. ನಾನು ಒಳಲ್ಯಾಗೆ ಹಾಕ್ತೀನಿ ಅಂತ ನಿಮಗೆ ಹೆಂಗೆ ಗೊತ್ತಾತು?"

ಸಿರಪ್ಪಿಗೂ ಹನಿಗೂ ಹೆಸರು ಒಂದೇ ಆದರೂ ಹನಿಯಲ್ಲಿ ಔಷಧದ ಪ್ರಮಾಣ ಬಹಳ ಹೆಚ್ಚು. ಒಳಲೆ ತುಂಬ ಹೋಗಿದ್ದರೆ ಆ ಪುಟ್ಟ ಜೀವದ ಲಿವರ್ ಗತಿ ಏನು! ಗೌರಮ್ಮ ಸೆರಗಿನಿಂದ ಡಬ್ಬಿ ತೆಗೆದು ತೋರಿಸಿದರು. 'ಒಳಲೆಯಲ್ಲಿ ಬೇಡ. ಇದರಲ್ಲಿರುವ ಡ್ರಾಪರಿನಲ್ಲೇ, ಡಾಕ್ಟರ್ ಬರೆದಷ್ಟೇ ಹನಿ.' ಕೆಂಪು ಅಕ್ಷರ. ನನ್ನದೇ 'ಳ', ನನ್ನದೇ ಬಾಲ ಎಳೆದ 'ಬ'.

ಯಜಮಾನರನ್ನು ಒಳಗೆ ಕರೆದು ಕೇಳಿದೆ. "ನಾನೆಲ್ಲಿ ಬರೆದೆ? ಡ್ರಾಪರ್ ತೋರಿಸಿ, ಅಳತೆ ಹೇಳಿ ಕೊಟ್ಟೆ" ಎಂದು ಆಣೆ ಮಾಡಿದರು. ಆ ಡಬ್ಬಿಗಳ ಕಟ್ಟು ಬಿಚ್ಚಿದ್ದೇ ಆ ಮಧ್ಯಾಹ್ನವಂತೆ, ನಾನು ಗುತ್ತೂರಿನಲ್ಲಿದ್ದಾಗ. ಅದಕ್ಕಿಂತ ಹೆಚ್ಚಾಗಿ, ಅಲ್ಲಿಯವರೆಗೆ ನಾನು ಯಾರಿಗೂ ಒಳಲೆಯ ಮಾತೇ ಬರೆದವಳಲ್ಲ. ಅಜ್ಜಿಯರು ಔಷಧವನ್ನೂ ಅದರಲ್ಲೇ ಅಳೆಯುತ್ತಾರೆಂದು ಇಷ್ಟು ಓದಿದ ನನ್ನ ತಲೆಗೆ ಹೊಳೆದೇ ಇರಲಿಲ್ಲ! ಈಗ ಪ್ರತಿಯೊಬ್ಬರನ್ನೂ 'ಯಾವುದರಲ್ಲಿ ಕುಡಿಸ್ತೀರಿ?' ಎಂದು ಕೇಳಿಯೇ ಕೊಡುತ್ತೇನೆ. ಆದರೆ ಆ ದಿನ ಬರೆದದ್ದು ಯಾರೋ, ಹೇಗೋ, ಎಷ್ಟು ತಲೆ ಕೆಡಿಸಿಕೊಂಡರೂ ತಿಳಿದಿಲ್ಲ.

ಅಂದು ಗೌರಮ್ಮ ಬಿಡದೆ ಮನೆಗೆ ಕರೆದೊಯ್ದು, ಜ್ವರ ಇಳಿದು ಮಲಗಿದ್ದ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದರು. "ನಿನ್ನ ಕೈಗುಣ ದೊಡ್ಡದವ್ವಾ" ಎಂದರು. ಬರೆದದ್ದು ನಾನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಇರ್ಲಿ ಬಿಡ್ರಿ, ನಮ್ಮ ಕೆಲಸ ಅದು" ಎಂದುಬಿಟ್ಟೆ.

ಆ ಕೂಸು ಈಗ ಅಂಗನವಾಡಿಗೆ ಹೋಗುತ್ತದೆ. ಅಜ್ಜಿ ಮನೆಗೆ ಬಂದಾಗ ಅಂಗಡಿ ಮುಂದೆ ಹಾಯುವಾಗೆಲ್ಲ ಗೌರಮ್ಮ ಅದನ್ನು ನಿಲ್ಲಿಸಿ, "ನಿನ್ನ ಉಳಿಸಿದಾಕಿ ನೋಡು, ಕೈ ಮುಗಿ" ಎನ್ನುತ್ತಾರೆ. ಮಗು ನಗುತ್ತಾ ಕೈ ಮುಗಿಯುತ್ತದೆ. ನಾನು ಆ ನಮಸ್ಕಾರವನ್ನು ಪ್ರತಿ ಸಲವೂ ತೆಗೆದುಕೊಂಡುಬಿಡುತ್ತೇನೆ.