ಮೂರು ಬೀಗ, ಎರಡೇ ಕೀ

ಸ್ನೇಹಿತರೇ, ಇವತ್ತು ಈ ಪೋಸ್ಟ್ ಹಾಕಲು ನಾನು ಉಳಿದಿರುವುದೇ ದೊಡ್ಡದು.

ಕೆ.ಆರ್. ನಗರದ ಅಕ್ಕಿ ಗಿರಣಿಯೊಂದರಲ್ಲಿ ಕರೆಂಟಿನ ಪ್ಯಾನೆಲ್ ಕೆಲಸವಿತ್ತು. ಎಡಕ್ಕೊಂದು, ಬಲಕ್ಕೊಂದು ಮೇನ್ ಬ್ರೇಕರ್, ಅಂದರೆ ಕರೆಂಟು ಒಳಬರುವ ದೊಡ್ಡ ಸ್ವಿಚ್. ಎರಡೂ ಕಡೆಯನ್ನು ಜೋಡಿಸಲು ನಡುವೆ ಟೈ ಬ್ರೇಕರ್. ಮೂರಕ್ಕೂ ಬೀಗವಿದೆ, ಕೀ ಮಾತ್ರ ಎರಡು. ಯಾವ ಕೀ ಯಾವ ಬೀಗಕ್ಕಾದರೂ ಆಗುತ್ತದೆ; ಆದರೆ ಕೀ ಇಲ್ಲದೆ ಯಾವುದೂ ಆನ್ ಆಗುವುದಿಲ್ಲ, ಆನ್ ಇರುವ ತನಕ ಕೀ ಹೊರಗೆ ಬರುವುದಿಲ್ಲ. ಎಡ ಮೇನ್ ಆಫ್ ಮಾಡಿ ಅದರ ಕೀಯನ್ನು ಜೇಬಿಗೆ ಹಾಕಿಕೊಂಡೆ. ಇನ್ನೊಂದು ಕೀ ಬಲ ಮೇನ್‌ನಲ್ಲೇ ಸಿಕ್ಕಿಕೊಂಡಿತ್ತು. ಇನ್ನು ಟೈ ಆನ್ ಮಾಡಿ ಎಡಗಡೆಗೆ ಕರೆಂಟು ಕೊಡಲು ಯಾರಿಂದಲೂ ಆಗದು ಎಂದುಕೊಂಡು ಬೈಕಿನಿಂದ ಸ್ಪ್ಯಾನರ್ ತರಲು ಹೋದೆ.

ಬಂದು ಎಡಗಡೆಯ ಪ್ಯಾನೆಲ್ ಬಾಗಿಲು ತೆಗೆದೆ. ಕೈ ಹಾಕುವ ಮೊದಲು, ಅಭ್ಯಾಸದಂತೆ ಟೆಸ್ಟ್ ಲ್ಯಾಂಪ್ ಇಟ್ಟರೆ ಝಗ್ಗೆಂದು ಉರಿಯಿತು!

"ಟೈ ಆನ್ ಮಾಡ್ದೋರ್ ಯಾರು?" ಎಂದು ಕಿರುಚಿದೆ.

ಗಿರಣಿಯ ಮೇಸ್ತ್ರಿ ಶಿವಣ್ಣ ಬಂದರು. "ನಾನೇ ಕಣಪ್ಪ. ಫ್ಯಾನ್ ನಿಂತೋಯ್ತು, ಸೆಕೆ ತಡೀನಾರ್ದೆ ಆಕ್ದೆ."

"ಕೀ ನನ್ ಜೇಬಲ್ಲೇ ಅದೆ, ನಿಮ್ಗೆಲ್ಲಿಂದ ಬಂತು?"

"ಮೂರು ಬೀಗಕ್ಕೆ ಎಲ್ಡೇ ಕೀ ಇತ್ತು. ಒಂದು ಕಳ್ದೋಗದೆ ಅಂದ್ಕಂಡು ಓದ್ ತಿಂಗ್ಳೇ ಪ್ಯಾಟೇಲಿ ಮಾಡಿಸ್ಕಂಡ್ ಬಂದಿದ್ದೆ."

ಕೀ ಎರಡೇ ಇರುವುದು ನನ್ನಂಥವರ ಜೀವ ಉಳಿಯಲಿ ಎಂದೇ ಅಂತ ಬಿಡಿಸಿ ಹೇಳಿದೆ. ಶಿವಣ್ಣ "ತಪ್ಪಾಯ್ತು ಕಣಪ್ಪ" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ಟೈ ಆಫ್ ಮಾಡಿ, ಮೂರನೇ ಕೀಯನ್ನು ತೆಗೆದು ಅಲ್ಲೇ ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿದೆ.

ಅದನ್ನು ಎತ್ತಿಕೊಂಡು ಶಿವಣ್ಣ ನಿಟ್ಟುಸಿರು ಬಿಟ್ಟರು: "ಒಳ್ಳೇ ಇತ್ತಾಳೆ ಕಣಪ್ಪ."

ಹಿತ್ತಾಳೆಗಿಂತ ನಾನು ವಾಸಿ ಎಂದು ಅವರನ್ನು ಒಪ್ಪಿಸಲು ಎರಡು ಲೋಟ ಟೀ ಬೇಕಾಯಿತು.