ತೆಳಿ ಬಸಿದ ಗಂಜಿ

ಮೋಹಿನಿ ಯಾರನ್ನೂ ನಂಬುವುದಿಲ್ಲ ಎಂದರೆ ಕಟಪಾಡಿ ಪೇಟೆಯಲ್ಲಿ ಅದು ಬೈಗುಳವಲ್ಲ, ಹೊಗಳಿಕೆ. ನಲವತ್ತು ವರ್ಷ ಮೀನು ಮಾರಿದ ಹೆಂಗಸು. ಮಲ್ಪೆ ಬಂದರಿನಲ್ಲಿ ಬಂಗುಡೆಯ ಬುಟ್ಟಿ ಮುಂದಿಟ್ಟರೆ ಮೇಲಿನ ಸಾಲನ್ನು ಕಣ್ಣೆತ್ತಿಯೂ ನೋಡುವವಳಲ್ಲ. ಮೊಣಕೈವರೆಗೆ ಕೈ ಹಾಕಿ ಅಡಿಯ ಮೀನನ್ನು ಎಳೆದು, ಕಿವಿರು ಎತ್ತಿ, ಮೂಗಿಗೆ ಹಿಡಿದು, "ಇದು ನಿನ್ನೆಯದ್ದಲ್ಲ ಮಾರಾಯ, ಮೊನ್ನೆಯದ್ದು" ಎಂದು ಬುಟ್ಟಿಯನ್ನು ಹಿಂದಕ್ಕೆ ನೂಕಿದರೆ ಅಲ್ಲಿಗೆ ವ್ಯಾಪಾರ ಮುಗಿಯಿತು. ಬೊಂಡಾಸ್ ಮೀನನ್ನು ಐಸಿನ ನೀರಿನಲ್ಲಿ ನೆನೆಸಿ ತೂಕ ಏರಿಸುವವರನ್ನಂತೂ ಅವಳು ಹತ್ತು ಮಾರು ದೂರದಿಂದಲೇ ಹಿಡಿಯುತ್ತಿದ್ದಳು.

ಹುಟ್ಟುವಾಗಲೇ ಹಾಗೇನೂ ಇರಲಿಲ್ಲ ಪಾಪ. ಮದುವೆಯಾಗಿ ಕಾಪುವಿಗೆ ಬಂದ ಹೊಸತರಲ್ಲಿ, ದಲ್ಲಾಳಿಯೊಬ್ಬ ಮೇಲೆ ತಾಜಾ ಬೂತಾಯಿ ಮೀನು ಹರಡಿ ಕೆಳಗೆ ಕೊಳೆತದ್ದು ತುಂಬಿಸಿ ಕೊಟ್ಟಿದ್ದ. ಇಪ್ಪತ್ತೆರಡರ ಹುಡುಗಿ ಅದನ್ನು ತಲೆಯ ಮೇಲೆ ಹೊತ್ತು ಶಿರ್ವದವರೆಗೆ ನಡೆದಿದ್ದಳು. ಮನೆ ಮನೆಯಲ್ಲೂ ಮೂಗು ಮುಚ್ಚಿಕೊಂಡರು. ಒಬ್ಬ ಅಜ್ಜಿ ನಾಯಿ ಬಿಡುತ್ತೇನೆ ಎಂದಳು. ಅವತ್ತಿನಿಂದ ಮೋಹಿನಿ ದೇವರ ಪ್ರಸಾದವನ್ನೂ ಒಮ್ಮೆ ಮೂಸಿಯೇ ಬಾಯಿಗೆ ಹಾಕುವುದು ಎಂದು ಗಂಡ ಗಣಪ ತಮಾಷೆ ಮಾಡುತ್ತಿದ್ದ.

ಗಣಪನಿಗೆ ಈಗ ಎಪ್ಪತ್ತೊಂದು. ದೋಣಿಯಲ್ಲಿ ಬಲೆ ಎಳೆದೂ ಎಳೆದೂ ಹಣ್ಣಾದ ಮನುಷ್ಯ, ಮಾತು ಕಡಿಮೆ. ಮನೆಯಲ್ಲಿ ಮೋಹಿನಿ ಇರುವಾಗ ಇನ್ನೊಬ್ಬರ ಮಾತಿಗೆ ಜಾಗ ಎಲ್ಲಿಂದ? ನವೆಂಬರಿನಲ್ಲಿ ಅವನ ಕಾಲು ಊದಿತು, ಮಲಗಿದರೆ ಉಸಿರು ಕಟ್ಟತೊಡಗಿತು. ಮಗ ಧನರಾಜ್ ಟ್ರಾಲರಿನಲ್ಲಿ ಹೋದರೆ ಹತ್ತು ದಿನ ಸಮುದ್ರದಲ್ಲೇ. ಹಾಗಾಗಿ ಉಡುಪಿಯ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅತ್ತೆ ಸೊಸೆ ಇಬ್ಬರೇ. ಸೊಸೆ ಮಾನಸ ಕಾರ್ಕಳದವಳು, ಮದುವೆಯಾಗಿ ಎರಡು ವರ್ಷ, ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು.

ಆರು ದಿನದ ಮೇಲೆ ಮನೆಗೆ ಕಳಿಸುವಾಗ ಡಾಕ್ಟರು ಬಿಡಿಸಿ ಹೇಳಿದರು. ಹೃದಯದ ಪಂಪು ಸೋತಿದೆ, ಮೈಯಲ್ಲಿ ನೀರು ನಿಲ್ಲುತ್ತದೆ. ಉಪ್ಪು ತೀರಾ ಕಡಿಮೆ ಮಾಡಬೇಕು, ದಿನಕ್ಕೆ ನೀರು ಒಂದು ಲೀಟರ್ ಮಾತ್ರ, ಮಾತ್ರೆ ತಪ್ಪಬಾರದು, ಬೆಳಿಗ್ಗೆ ಎದ್ದ ಕೂಡಲೇ ತೂಕ ನೋಡಬೇಕು. "ಈ ಪ್ರಾಯದವರು ತಿಂಗಳೊಳಗೆ ಮತ್ತೆ ಬಂದು ಸೇರುವುದು ಜಾಸ್ತಿ. ಒಂದೊಂದು ಸಲ ಬಂದಾಗಲೂ ಹೃದಯ ಸ್ವಲ್ಪ ಸ್ವಲ್ಪ ಕೈಬಿಡುತ್ತದೆ. ಬಾರದ ಹಾಗೆ ನೋಡಿಕೊಳ್ಳಿ," ಎಂದರು.

ಮಾನಸ ತಲೆಯಾಡಿಸಿದಳು. ಮೋಹಿನಿ ಹುಬ್ಬು ಗಂಟಿಕ್ಕಿದಳು.

"ಮತ್ತೆ ಬರುತ್ತಾರೆ ಅಂತ ಇವರಿಗೆ ಮೊದಲೇ ಹೇಗೆ ಗೊತ್ತು?" ಎಂದು ಹೊರಗೆ ಬಂದ ಮೇಲೆ ಕೇಳಿದಳು. "ಗುಣ ಮಾಡಿ ಕಳಿಸಿದವ ಹಾಗೆ ಹೇಳುತ್ತಾನಾ? ಇದರಲ್ಲಿ ಎಂತದೋ ಉಂಟು."

ಮನೆಗೆ ಬಂದ ಮಾನಸ ಲೀಟರಿನ ಬಾಟಲಿಯೊಂದನ್ನು ಮಾವನ ಹೆಸರಿಗೆ ತೆಗೆದಿಟ್ಟಳು. ಉಡುಪಿಯಿಂದ ತೂಕದ ಯಂತ್ರ ತರಿಸಿದಳು. ಗಂಜಿ ಬಡಿಸುವಾಗ ತೂತಿನ ಸೌಟಿನಲ್ಲಿ, ಅಕ್ಕಿ ಬೆಂದ ತಿಳಿಯಾದ ತೆಳಿಯನ್ನೆಲ್ಲ ಬಸಿದು ಬರೀ ಅಗುಳು ಹಾಕಿದಳು. ಮೋಹಿನಿಗೆ ಮೈಯೆಲ್ಲ ಉರಿದುಹೋಯಿತು. ಕುಚ್ಚಲಕ್ಕಿ ಗಂಜಿ ಎಂದರೆ ತೆಳಿಯೇ ಅಲ್ಲವೇ? ಜ್ವರದವನಿಗೆ, ಬಾಣಂತಿಗೆ, ಸಾಯಲು ಹೊರಟವನಿಗೂ ಈ ಊರಿನಲ್ಲಿ ಮೊದಲು ಕೊಡುವುದು ಅದನ್ನೇ.

"ಇದೆಂತ, ಅನ್ನವಾ ಗಂಜಿಯಾ? ತೆಳಿ ಎಲ್ಲಿ?"

"ನೀರು ಕಡಿಮೆ ಅಂತ ಹೇಳಿದ್ದಾರಲ್ಲ ಅತ್ತೆ."

"ನೀರು ಬಾಟಲಿಯಲ್ಲಿ ಉಂಟು. ಇದು ಊಟ! ಊಟಕ್ಕೂ ನೀರಿಗೂ ವ್ಯತ್ಯಾಸ ಗೊತ್ತಿಲ್ಲದವರು ನನಗೆ ಕಲಿಸುವುದು ಬೇಡ."

ಮಾನಸ ಎದುರು ಮಾತಾಡಲಿಲ್ಲ, ಬಸಿಯುವುದನ್ನೂ ಬಿಡಲಿಲ್ಲ. ಮೋಹಿನಿ ಏನು ಕಮ್ಮಿಯೇ? ಮಧ್ಯಾಹ್ನ ಮೀನು ಮುಗಿಸಿ ಬಂದವಳು, ಸೊಸೆ ಹೊಲಿಗೆಗೆ ಕೂತ ಸಮಯ ನೋಡಿ, ದೊಡ್ಡ ಬಟ್ಟಲಿನಲ್ಲಿ ತೆಳಿ ತುಂಬಿಸಿ, ಕಲ್ಲುಪ್ಪು ಹಾಕಿ, ಗಂಡನ ಕೈಯಲ್ಲಿಟ್ಟಳು. ಸಾರಿಗೆ ಉಪ್ಪು ಹಾಕುವುದನ್ನು ಅವಳೂ ಬಿಟ್ಟಿದ್ದಳು, ಸುಳ್ಳು ಹೇಳಬಾರದು. ಆದರೆ ಉಪ್ಪಿಲ್ಲದ ಗಂಜಿಯನ್ನು ದನವಾದರೂ ಕುಡಿದೀತೇ?

"ಸಾಕು," ಎಂದ ಗಣಪ ಅರ್ಧಕ್ಕೆ.

"ಎಂತ ಸಾಕು? ಕೈ ನೋಡಿ ನಿಮ್ಮದು, ತೆಂಗಿನ ಒಣ ಮಡಲಿನ ಹಾಗೆ ಆಗಿದೆ. ಕುಡಿಯಿರಿ ಸುಮ್ಮನೆ."

ಗಣಪ ಕುಡಿದ. ಅವಳ ಮಾತನ್ನು ಮೀರಿ ಅವನಿಗೆ ಅಭ್ಯಾಸವಿರಲಿಲ್ಲ.

ಹನ್ನೆರಡನೇ ದಿನ ಕಾಲು ಮತ್ತೆ ಊದಿತು. ಮತ್ತೆ ಉಡುಪಿ, ಮತ್ತೆ ಐದು ದಿನ ಆಮ್ಲಜನಕ, ಸೂಜಿ. ಈಗ ಮೋಹಿನಿಯ ಅನುಮಾನಕ್ಕೆ ಕೈಕಾಲು ಬಂತು. ಮೊದಲು ಆಸ್ಪತ್ರೆ: ಪೂರಾ ಗುಣ ಮಾಡದೆಯೇ ಕಳಿಸಿದ್ದಾರೆ. ಆಮೇಲೆ ಮೆಡಿಕಲ್ ಅಂಗಡಿ. ಕಳೆದ ಸಲ ಬಿಳಿ ಇದ್ದ ಮಾತ್ರೆ ಈ ಸಲ ಹಳದಿ ಆದದ್ದು ಹೇಗೆ? ಕಂಪೆನಿ ಬೇರೆ, ಮದ್ದು ಒಂದೇ ಎಂದು ಅಂಗಡಿಯವನು ಹೇಳಿದಾಗ, ಬಂಗುಡೆಯನ್ನು ಅಂಜಲ್ ಎಂದು ಮಾರಿದರೆ ನೀನು ತೆಗೆದುಕೊಳ್ಳುತ್ತೀಯಾ ಎಂದು ಅವನ ಬಾಯಿ ಮುಚ್ಚಿಸಿದಳು. ಅದಾಗಿ ಮೂರನೇ ದಿನ ಗಣಪನ ಮಂಚದಡಿ ಗುಡಿಸುವಾಗ ಪೊರಕೆಗೆ ಒಂದು ಮಾತ್ರೆ ಸಿಕ್ಕಿತು.

ಅಷ್ಟೇ ಬೇಕಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಮಾತ್ರೆ ಕೊಡುವವಳು ಯಾರು? ಮಾನಸ. ಅಗುಳು ಮಾತ್ರ ಹಾಕಿ ಮಾವನನ್ನು ಉಪವಾಸ ಕೆಡಹುವವಳು ಯಾರು? ಮಾನಸ. ರೋಗಿಯ ಚಾಕರಿ ಮಾಡಿ ಬೇಸತ್ತ ಹುಡುಗಿ, ಬೇಗ ಮುಗಿಯಲಿ ಎಂದು ಕಾಯುತ್ತಿದ್ದಾಳೆ. ಮೋಹಿನಿಗೆ ಎಲ್ಲವೂ ಹೊಂದಿಕೊಂಡಂತೆ ಕಂಡಿತು.

"ಇದು ಎಂತ?" ಎಂದು ಮಾತ್ರೆಯನ್ನು ಸೊಸೆಯ ಮುಖದ ಮುಂದೆ ಹಿಡಿದಳು.

"ಮಾವನ ಕೈ ನಡುಗುತ್ತದೆ ಅತ್ತೆ, ಬಿದ್ದಿರಬಹುದು. ಅವತ್ತೇ ಬೇರೆ ಕೊಟ್ಟಿದ್ದೇನೆ."

"ಬಿದ್ದದ್ದಾ, ನೀನು ಬೀಳಿಸಿದ್ದಾ? ನನ್ನ ಗಂಡನನ್ನು ಕೊಲ್ಲಲಿಕ್ಕೆ ಹೊರಟಿದ್ದೀಯಾ ನೀನು?"

ಆಡಿದ ಮಾತು, ಒಡೆದ ಮುತ್ತು. ಮಾನಸ ಅರ್ಧ ಹೊಲಿದ ರವಿಕೆಗಳನ್ನು ಚೀಲಕ್ಕೆ ತುಂಬಿಸಿ, ಮಾವನ ಕಾಲು ಮುಟ್ಟಿ, ಕಾರ್ಕಳದ ಬಸ್ಸು ಹತ್ತಿದಳು. ಗಣಪ ಮಂಚದಿಂದ, "ತಪ್ಪು ಮಾಡಿದೆ ಮೋಹಿನಿ," ಎಂದ. ಮದುವೆಯಾದ ಮೇಲೆ ಅವನು ಅವಳಿಗೆ ಹಾಗೆ ಹೇಳಿದ್ದು ಅದೇ ಮೊದಲು. ರೋಗಿಯ ಮಾತು ಎಂದು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೋಹಿನಿ ಪೇಟೆಗೆ ಹೋಗುವುದನ್ನೇ ನಿಲ್ಲಿಸಿದಳು. ಈಗ ನೋಡಿ, ಯಾರ ಹಂಗೂ ಇಲ್ಲ! ಮಾತ್ರೆಯನ್ನು ತಾನೇ ಬಾಯಿಗೆ ಹಾಕಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಬಾಟಲಿಯ ನೀರು ಒಂದು ಗುಟುಕು ಹೆಚ್ಚಾಗಲು ಬಿಡಲಿಲ್ಲ. ಗಂಜಿ ಮಾತ್ರ ಮೂರು ಹೊತ್ತು, ಬಟ್ಟಲು ತುಂಬ, ತೆಳಿಯ ಸಮೇತ. ಪ್ರತಿ ಸಲ ಗಣಪ ಸಾಕು ಎನ್ನುತ್ತಿದ್ದ, ಪ್ರತಿ ಸಲ ಅವಳು ಬಟ್ಟಲನ್ನು ಅವನ ತುಟಿಗೆ ಹಿಡಿಯುತ್ತಿದ್ದಳು. ನಾಲ್ಕನೇ ದಿನ ತೂಕ ಒಂದೂವರೆ ಕಿಲೋ ಏರಿತು. ಏಳನೇ ದಿನಕ್ಕೆ ಮೂರು. ಅವಳಿಗೆ ಖುಷಿಯೋ ಖುಷಿ. ಧನರಾಜನ ಫೋನು ಬಂದಾಗ, "ಅಪ್ಪನ ಮೈ ತುಂಬಿಕೊಂಡು ಬರುತ್ತಾ ಉಂಟು. ನಿನ್ನ ಹೆಂಡತಿ ಇರುವಾಗ ಹೀಗೆ ಇತ್ತಾ?" ಎಂದಳು. ಧನರಾಜ್ ಫೋನಿಟ್ಟ.

ಒಂಬತ್ತನೇ ದಿನ ಬೆಳಿಗ್ಗೆ ಗಣಪ ಮಂಚದ ತುದಿಯಲ್ಲಿ ಕೂತು, ಎರಡೂ ಕೈ ಊರಿ, ದಡಕ್ಕೆ ಬಿದ್ದ ಮೀನಿನಂತೆ ಬಾಯಿ ತೆರೆಯುತ್ತಿದ್ದ. ಉಡುಪಿಯ ಮೇಲೆ ನಂಬಿಕೆ ಹೋಗಿತ್ತಲ್ಲ, ಈ ಸಲ ರಿಕ್ಷಾವನ್ನು ಮಣಿಪಾಲಕ್ಕೇ ಓಡಿಸಿದಳು. ಒಂದೂವರೆ ತಿಂಗಳಲ್ಲಿ ಮೂರನೇ ಸಲ. ಅಲ್ಲಿಯ ಡಾಕ್ಟರು ಹಳೆಯ ಕಾಗದಗಳನ್ನೆಲ್ಲ ತಿರುವಿ ಹಾಕಿ, "ಮದ್ದು ಸರಿಯಾಗಿಯೇ ಇದೆಯಲ್ಲ?" ಎಂದರು. ಇನ್ನೊಮ್ಮೆ ಹೀಗಾದರೆ ಜೀವದ ಬಗ್ಗೆ ಹೇಳಲಿಕ್ಕೆ ಆಗುವುದಿಲ್ಲ ಎಂದೂ ಹೇಳಿದರು.

ಮೋಹಿನಿ ವಾರ್ಡಿನ ಬೆಂಚಿನ ಮೇಲೆ ಕೂತಳು. ಯಾರನ್ನು ಬೈಯುವುದು? ಮದ್ದು ಸರಿ ಎಂದು ಬೇರೆ ಆಸ್ಪತ್ರೆಯವರೇ ಹೇಳಿದ್ದಾರೆ, ಮಾತ್ರೆ ಕೊಟ್ಟವಳು ತಾನೇ, ಮಾನಸ ಕಾರ್ಕಳದಲ್ಲಿದ್ದಾಳೆ. ಅನುಮಾನ ಪಡಲು ಒಬ್ಬರೂ ಉಳಿದಿರಲಿಲ್ಲ, ಅದರಿಂದಲೇ ಅವಳಿಗೆ ಹೆದರಿಕೆಯಾಯಿತು.

ಮರುದಿನ ಸಂಜೆ ಗಣಪನ ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ನರ್ಸು ಡುಲ್ಸಿನ್ ಪಕ್ಕಕ್ಕೆ ಬಂದು ನಿಂತಳು. ಶಿರ್ವದವಳು, ಐವತ್ತರ ಹತ್ತಿರ ಹತ್ತಿರ, ಬಾಯಿ ಮೋಹಿನಿಯದಕ್ಕಿಂತ ಚೂರು ಕಡಿಮೆ ಅಷ್ಟೇ.

"ನೀವು ನಮ್ಮ ಮನೆಗೆ ಮೀನು ತರುತ್ತಿದ್ದ ಮೋಹಿನಕ್ಕ ಅಲ್ವಾ? ಹೇಳಿ, ಇವರಿಗೆ ಒಂದು ದಿನಕ್ಕೆ ಎಂತೆಲ್ಲ ಕೊಡ್ತೀರಿ? ಬೆಳಿಗ್ಗೆಯಿಂದ ಹೇಳಿ."

"ಎಂತದೂ ಇಲ್ಲ ಸಿಸ್ಟರೇ. ನೀರು ಅಳತೆಯಲ್ಲಿ. ಚಾ ಅರ್ಧ ಲೋಟ. ಬಾಕಿ ಬರೀ ಗಂಜಿ."

"ಬರೀ ಗಂಜಿಯಾ? ತೆಳಿ ಸಮೇತವಾ?"

"ಮತ್ತೆ? ಗಂಜಿ ಅಂದ ಮೇಲೆ ತೆಳಿ ಬೇಡವಾ?"

ಡುಲ್ಸಿನ್ ಸೊಂಟಕ್ಕೆ ಕೈ ಕೊಟ್ಟು ಒಂದು ಗಳಿಗೆ ಅವಳನ್ನೇ ನೋಡಿದಳು. ಆಮೇಲೆ ಗೆರೆ ಹಾಕಿದ ಜಗ್ಗನ್ನು ತಂದು ಮುಂದಿಟ್ಟಳು. "ನಿಮ್ಮ ಬಟ್ಟಲು ಇಲ್ಲಿ ಉಂಟಾ?"

ಇತ್ತು. ಆಸ್ಪತ್ರೆಯ ಪಾತ್ರೆಯ ಮೇಲೂ ನಂಬಿಕೆಯಿಲ್ಲದ ಮೋಹಿನಿ ಮನೆಯ ಬಟ್ಟಲನ್ನೇ ತಂದಿದ್ದಳು.

"ತೆಳಿ ಎಷ್ಟಿರುತ್ತದೋ ಅಷ್ಟು ನೀರು ಹಾಕಿ. ಮೂರು ಹೊತ್ತಿನದ್ದೂ ಸುರಿಯಿರಿ."

ಮೋಹಿನಿ ಮೊದಲು ಜಗ್ಗನ್ನು ಎತ್ತಿ, ತಿರುಗಿಸಿ, ಅದರ ಗೆರೆ ಸರಿ ಉಂಟೋ ಎಂದು ನೋಡಿದಳು. ತನ್ನ ನೀರಿನ ಬಾಟಲಿಯಿಂದ ಅಳೆದೂ ನೋಡಿದಳು. ಗೆರೆ ಸರಿಯಿತ್ತು. ಒಂದು ಬಟ್ಟಲು ಸುರಿದಳು. ಎರಡು. ಮೂರನೆಯದ್ದು ಸುರಿದಾಗ ನೀರು ಒಂದೂವರೆ ಲೀಟರಿನ ಗೆರೆ ದಾಟಿತು.

"ಬಾಟಲಿಯದ್ದು ಒಂದು ಲೀಟರ್, ಇದು ಒಂದೂವರೆ. ಮೇಲಿಂದ ಉಪ್ಪು," ಎಂದಳು ಡುಲ್ಸಿನ್. ಅವಳ ದನಿ ಈಗ ಮೆತ್ತಗಾಗಿತ್ತು. "ಹೊಟ್ಟೆಗೆ ಹೋದ ಮೇಲೆ ಅದು ನೀರೇ ಮೋಹಿನಕ್ಕ. ಇಲ್ಲಿ ಬರುವ ಹತ್ತರಲ್ಲಿ ಐದು ಮನೆಯವರು ಗಂಜಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ತೂಕ ಏರಿರಬೇಕಲ್ಲ?"

ತೂಕ! ಅಯ್ಯೋ ದೇವರೇ. ನೆನೆಸಿದ ಬೊಂಡಾಸಿನ ತೂಕವನ್ನು ಕಣ್ಣಳತೆಯಲ್ಲೇ ಹಿಡಿಯುವವಳು ಗಂಡನ ಮೈಗೆ ಏರಿದ ಮೂರು ಕಿಲೋ ನೀರನ್ನು ಮಾಂಸ ಎಂದುಕೊಂಡು ಫೋನಿನಲ್ಲಿ ಮಗನಿಗೆ ಹೇಳಿ ಹಿಗ್ಗಿದ್ದಳು. ಸಾಕು ಸಾಕು ಎಂದ ಮನುಷ್ಯನ ತುಟಿಗೆ ಬಟ್ಟಲು ಹಿಡಿದವಳು ತಾನು. ಕೊಲ್ಲಲಿಕ್ಕೆ ಹೊರಟವಳು ಎಂದು ಬೈದದ್ದು ಇನ್ನೊಬ್ಬಳನ್ನು. ಮೋಹಿನಿ ಸೆರಗನ್ನು ಬಾಯಿಗೆ ಒತ್ತಿ ಅತ್ತಳು. ನಾಲ್ಕು ಜನ ನೋಡುತ್ತಾರೆ ಎಂಬ ನಾಚಿಕೆಯೂ ಅವಳಿಗೆ ಅವತ್ತು ಇರಲಿಲ್ಲ.

ಮರುದಿನ ಬೆಳಿಗ್ಗೆ ನಾದಿನಿ ಅಕ್ಕುವನ್ನು ಗಂಡನ ಹತ್ತಿರ ಕೂರಿಸಿ ಕಾರ್ಕಳದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳುವುದೆಂದು ಬಾಯಿಪಾಠ ಮಾಡಿದ್ದೆಲ್ಲ ಮಾನಸಳ ಮುಖ ಕಂಡ ಕೂಡಲೇ ಮರೆತುಹೋಯಿತು. ಮಾನಸ ಹೊಲಿಗೆ ಯಂತ್ರದಿಂದ ಏಳಲಿಲ್ಲ. ಬನ್ನಿ ಎಂದಳು, ಅಷ್ಟೇ.

"ನೀನು ಬಸಿದದ್ದೇ ಸರಿ," ಎಂದಳು ಮೋಹಿನಿ ನಿಂತಲ್ಲಿಂದಲೇ. "ನಾನು ನಿನಗೆ ಗೊತ್ತಿಲ್ಲದ ಹಾಗೆ ತೆಳಿ ಕೊಡುತ್ತಿದ್ದೆ. ಮೊದಲ ಸಲ ಮನೆಗೆ ಬಂದಾಗಿನಿಂದಲೂ. ನೀನು ಹೋದ ಮೇಲೆ ಮೂರು ಹೊತ್ತು."

ಯಂತ್ರ ನಿಂತಿತು. "ಮಾವ ಹೇಗಿದ್ದಾರೆ?"

"ನಾಡಿದ್ದು ಕಳಿಸುತ್ತಾರಂತೆ. ಇನ್ನೊಂದು ಸಲ ಹೀಗಾದರೆ ಇಲ್ಲ ಎಂದಿದ್ದಾರೆ." ಮೋಹಿನಿ ತನ್ನ ಎರಡೂ ಕೈ ಮುಂದೆ ಚಾಚಿದಳು. "ನನ್ನ ಕೈಯ ಮೇಲೆ ನನಗೇ ಧೈರ್ಯ ಇಲ್ಲ ಮಾರಾಯ್ತಿ. ಅವರ ಒಣಗಿದ ಮುಖ ನೋಡಿದರೆ ನಾನು ಮತ್ತೆ ಸುರಿದೇ ಸುರಿಯುತ್ತೇನೆ. ನನ್ನನ್ನು ಕಾಯಲಿಕ್ಕೆ ಒಬ್ಬರು ಬೇಕು."

"ನೀವು ಅವತ್ತು ಹೇಳಿದ ಮಾತನ್ನು ನಾನು ಮರೆಯುವುದಿಲ್ಲ ಅತ್ತೆ," ಎಂದಳು ಮಾನಸ.

"ಮರೆಯಬೇಡ."

"ಬರುವುದು ಮಾವನಿಗಾಗಿ."

"ಅಷ್ಟು ಸಾಕು."

ಗಣಪ ಮನೆಗೆ ಬಂದ ದಿನ ಮಧ್ಯಾಹ್ನ ಮಾನಸ ಗಂಜಿ ಬಸಿದು ಎರಡು ಸೌಟು ಅಗುಳು ಹಾಕಿದಳು. ಅದನ್ನು ಮಾವನಿಗೆ ಕೊಡದೆ ಅತ್ತೆಯ ಕೈಯಲ್ಲಿಟ್ಟಳು. ಒಲೆಯ ಮೇಲೆ ಪಾತ್ರೆ ತುಂಬ ತೆಳಿ ಹಬೆಯಾಡುತ್ತಿತ್ತು. ಮೋಹಿನಿ ಅತ್ತ ನೋಡದೆ ಬಟ್ಟಲನ್ನು ಗಂಡನ ಮುಂದಿಟ್ಟಳು. ಗಣಪ ಬಟ್ಟಲನ್ನು ನೋಡಿದ, ಅವಳನ್ನು ನೋಡಿದ. ಅವನ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಈ ಸಲ ಸಾಕು ಎನ್ನಲಿಲ್ಲ.

"ಸ್ವಲ್ಪ ತೆಳಿ ಹಾಕು ಮೋಹಿನಿ," ಎಂದ.

ನಲವತ್ತು ವರ್ಷದಲ್ಲಿ ಅವನು ಬಾಯಿ ಬಿಟ್ಟು ಕೇಳಿದ್ದು ಬೆರಳೆಣಿಕೆಯಷ್ಟು. ಮೋಹಿನಿಯ ಕೈ ತಾನಾಗಿಯೇ ಸೌಟಿನ ಕಡೆಗೆ ಹೋಯಿತು. ಬಾಗಿಲಲ್ಲಿ ಮಾನಸ ನಿಂತಿದ್ದಳು. ಮೋಹಿನಿ ಕೈಯನ್ನು ಮಡಿಲಿಗೆ ಎಳೆದುಕೊಂಡು ಗಂಡನ ಎದುರು ಕೂತಳು.

"ಇಲ್ಲ," ಎಂದಳು. "ಇಷ್ಟೇ."