ಮರದ ಬಳೆಯ ಸ್ಟೀರಿಂಗು

ಕೋಲಾರದಲ್ಲಿ ಬಸ್ಸುಗಳು ನಿಲ್ಲುವ ಬಯಲಿನ ಹಿಂದೆ ಮಿಸ್ತ್ರಿ ಸಾಬರೊಬ್ಬರ ತಗಡಿನ ಶೆಡ್ಡಿತ್ತು. ಅದರ ಗೋಡೆಗೆ ಎರಡು ಸ್ಟೀರಿಂಗುಗಳನ್ನು ನೇತುಹಾಕಿದ್ದರು. ಒಂದು ಚಿಕ್ಕದು, ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಯಾವುದೋ ದೊರೆಯ ಕಾರಿನಿಂದ ಬಿಚ್ಚಿದ್ದು. ಇನ್ನೊಂದು ಹಳೇ ಲಾರಿಯದು, ಮೊರದಷ್ಟು ಅಗಲ, ಮರದ ಬಳೆ, ಎರಡು ಕಡೆ ಸೀಳು ಬಿಟ್ಟಿತ್ತು. ಕಣ್ಣಿದ್ದವರು ಯಾರೂ ಚಿಕ್ಕದನ್ನು ಬಿಟ್ಟು ದೊಡ್ಡದಕ್ಕೆ ಕೈ ಹಾಕುತ್ತಿರಲಿಲ್ಲ. ನನಗೆ ಮಾತ್ರ ದೊಡ್ಡದೇ ಬೇಕಾಗಿತ್ತು. ಯಾಕೆ ಬೇಕೆಂದು ಬಾಯಿಬಿಡುವ ಹಾಗಿರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮುಂಚಿನ ಮಾತು. ಮುಳಬಾಗಿಲಿನ ಸಾಹುಕಾರರೊಬ್ಬರು ಕೆಟ್ಟು ನಿಂತಿದ್ದ ಕಾರೊಂದನ್ನು ಕೊಂಡು, ಈ ಶೆಡ್ಡಿನಲ್ಲಿ ಅದರ ಮಾಡು ಕತ್ತರಿಸಿ, ಹಿಂದೆ ಬೆಂಚುಗಳನ್ನು ಜೋಡಿಸಿ, ಮುಂದೆ ಲಾರಿಯ ಎಂಜಿನ್ನು ಕೂರಿಸುತ್ತಿದ್ದರು. ಹಗುರ ಗಾಡಿಗೆ ಭಾರಿ ಎಂಜಿನ್ನು. ಕೋಲಾರದಿಂದ ಹೊರಟ ಬೇರೆ ಬಸ್ಸುಗಳು ಅರ್ಧ ದಾರಿ ಸವೆಸುವುದರೊಳಗೆ ತಮ್ಮ ಗಾಡಿ ಶ್ರೀನಿವಾಸಪುರ ಮುಟ್ಟಿರಬೇಕು ಎನ್ನುವುದು ಅವರ ಹಟ. ಡ್ರೈವರು ನಾನು ಎಂದು ಮಾತಾಗಿತ್ತು. ಇನ್‌ಸ್ಪೆಕ್ಟರು ಗಾಡಿಯನ್ನು ಓಡಿಸಿ ನೋಡಿ ಸಹಿ ಹಾಕಿದರೆ ಕೆಲಸ ನನ್ನದು.

ಆದರೆ ನನ್ನ ಬಲಗೈ ಕೆಟ್ಟಿತ್ತು. ಆರು ತಿಂಗಳ ಹಿಂದೆ ಮಾಲೂರಿನಲ್ಲಿ ಒಂದು ಬಸ್ಸನ್ನು ಶುರುಮಾಡಲು ಮುಂದಿನಿಂದ ಹ್ಯಾಂಡಲ್ ಹೊಡೆಯುತ್ತಿದ್ದಾಗ ಎಂಜಿನ್ನು ತಿರುಗಿ ಒದ್ದು ಮಣಿಕಟ್ಟು ಮುರಿದಿತ್ತು. ಮೂಳೆ ಕಟ್ಟಿದವರು ನಲವತ್ತು ದಿನ ಕಟ್ಟು ಬಿಚ್ಚಬೇಡ ಎಂದಿದ್ದರು. ನನಗೋ ಮೂಗಿನ ತುದಿಯಲ್ಲೇ ಕೋಪ. ತುರಿಕೆ ತಾಳಲಾರದೆ ಹದಿನೈದನೇ ದಿನವೇ ಕಟ್ಟು ಕಿತ್ತೆಸೆದೆ. ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಕಿರುಬೆರಳೂ ಅದರ ಪಕ್ಕದ್ದೂ ಮಡಚುತ್ತಿದ್ದವು, ಬಿಗಿಯುತ್ತಿರಲಿಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಅವಳೆದುರು ಮುದ್ದೆ ಮುರಿಯುವಾಗ ಹಲ್ಲು ಕಚ್ಚಿಕೊಂಡು ಮುರಿಯುತ್ತಿದ್ದೆ.

ನಮ್ಮ ಗಾಡಿಗಳಲ್ಲಿ ಗೇರು ಎಡಗೈ ಕಡೆಗೆ. ಎಡಗೈ ಗೇರಿಗೆ ಹೋದಾಗಲೆಲ್ಲ ಸ್ಟೀರಿಂಗು ಪೂರ್ತಿ ಬಲಗೈ ಪಾಲು. ಬಳೆ ದೊಡ್ಡದಾದಷ್ಟೂ ತಿರುಗಿಸುವುದು ಹಗುರ, ಚಿಕ್ಕದಾದಷ್ಟೂ ಬಿಗಿ. ಆ ಕಪ್ಪು ಸ್ಟೀರಿಂಗು ಕೂತರೆ ನನ್ನ ಕಥೆ ಮುಗಿಯಿತೆಂದು ನೋಡಿದ ಕೂಡಲೇ ಗೊತ್ತಾಗಿತ್ತು.

"ಏನ್ಲಾ, ಆ ಹಳೇ ಮೊರ ಯಾಕೆ ನೋಡ್ತಾ ನಿಂತಿದ್ದೀಯ?" ಎಂದರು ಸಾಹುಕಾರರು. "ಈ ಕರೀದು ಹಾಕ್ಸು. ಜಾಗ ಉಳೀತದೆ, ಮುಂದೆ ಇನ್ನೊಬ್ಬ ಕೂತ್ಕೋಬೋದು."

"ರಸ್ತೆ ಸರಿಯಿಲ್ಲ ಸ್ವಾಮಿ. ದೊಡ್ಡದಿದ್ರೆ ಕೆರೆ ಏರಿ ಮೇಲಿನ ತಿರುವು ಸಲೀಸು."

"ಬೇರೆಯವ್ರು ಓಡಿಸ್ತಿಲ್ವಾ? ಅವ್ರಿಗಿಲ್ದ ತಿರುವು ನಿಂಗೆಲ್ಲಿಂದ ಬಂತಪ್ಪಾ?"

ಮಿಸ್ತ್ರಿ ಅಷ್ಟು ಹೊತ್ತೂ ಬೀಡಿ ಸೇದುತ್ತಿದ್ದವರು, ಎದ್ದು ಕಪ್ಪು ಸ್ಟೀರಿಂಗನ್ನು ಗಾಡಿಯ ಕಂಬಿಗೆ ತೊಡಿಸಿ ನಟ್ಟು ಬಿಗಿದರು. ಆಮೇಲೆ ನನ್ನ ಕಡೆ ತಿರುಗಿ, "ಕೂತ್ಕೋ. ಎಡಗೈ ಗೇರ್ ಮೇಲಿಡು. ಬಲಗೈಯಿಂದ ತಿರುಗ್ಸು" ಎಂದರು.

ನನಗೆ ನೆತ್ತಿಗೇರಿತು. "ಹತ್ತು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ. ನನಗೇ ಪರೀಕ್ಷೆ ಮಾಡ್ತೀರಾ?" ಎಂದು ಕೂಗಾಡಿದೆ. ಕೂಗಿದ್ದು ಕೋಪಕ್ಕಲ್ಲ, ಹೆದರಿಕೆಗೆ. ಸಾಹುಕಾರರು ನನ್ನ ಮುಖವನ್ನೂ ಮಿಸ್ತ್ರಿಯ ಮುಖವನ್ನೂ ಒಂದಾದ ಮೇಲೊಂದು ನೋಡಿದರು. ಇನ್ನೊಂದು ಗಳಿಗೆಯಲ್ಲಿ ಅವರು ಕೇಳುತ್ತಿದ್ದರು, ನಾನು ಸಿಕ್ಕಿಬೀಳುತ್ತಿದ್ದೆ.

"ಸಾಹುಕಾರ್ರೇ, ಎದುರು ಹೋಟ್ಲಲ್ಲಿ ಚಾ ಹೇಳಿದೀನಿ, ಆರೋಗ್ತದೆ" ಎಂದರು ಮಿಸ್ತ್ರಿ.

ಅವರು ಅತ್ತ ಹೋದ ಮೇಲೆ ಮಿಸ್ತ್ರಿ ನನ್ನ ಹತ್ತಿರ ಬಂದು, "ಕೈ ತೋರ್ಸು" ಎಂದರು. ತೋರಿಸಿದೆ. ಒಂದೊಂದೇ ಬೆರಳನ್ನು ಹಿಂದಕ್ಕೆ ಬಗ್ಗಿಸಿ ನೋಡಿದರು. ಕಡೆಯ ಎರಡು ಬೆರಳು ಅವರ ಹೆಬ್ಬೆರಳಿಗೆ ಎದುರೇ ಹೇಳಲಿಲ್ಲ.

"ದೊಡ್ಡದನ್ನೇ ಹಾಕ್ತೀನಿ. ಒಂದು ವಾರ ಈ ಬಯಲಲ್ಲಿ ಓಡಿಸಿ ನೋಡು" ಎಂದರು. "ಆದ್ರೆ ಒಂದು ಮಾತು ಭಾಯಿ. ಆಗಲ್ಲ ಅಂದ್ರೆ ನೀನೇ ಹೇಳ್ಬೇಕು. ನಿನ್ನ ಅನ್ನ ಕಿತ್ಕೊಳ್ಳೋ ಮಾತು ನನ್ನ ಬಾಯಲ್ಲಿ ಬರೋದಿಲ್ಲ. ನಿನ್ನ ಹಿಂದೆ ಜನ ಕೂತಿರ್ತಾರೆ, ಅದನ್ನ ಮರೀಬೇಡ."

ಚಹಾ ಕುಡಿದು ಬಂದ ಸಾಹುಕಾರರಿಗೆ ಮಿಸ್ತ್ರಿ, ಚಿಕ್ಕ ಸ್ಟೀರಿಂಗಿನ ನಡುಭಾಗ ಬಿರುಕು ಬಿಟ್ಟಿದೆ, ಹಾಕುವುದು ಬೇಡ ಎಂದರು. ಐದು ಹೊತ್ತು ನಮಾಜು ಬಿಡದ ಆ ಮನುಷ್ಯ ನನಗೋಸ್ಕರ ಸುಳ್ಳಾಡಿದರು. ಸಾಹುಕಾರರು ಗೊಣಗಿಕೊಂಡು ಒಪ್ಪಿದರು.

ಮಿಸ್ತ್ರಿ ಮರದ ಬಳೆಯ ಸೀಳುಗಳಿಗೆ ಅರಗು ತುಂಬಿ, ಉಜ್ಜಿ ನುಣುಪು ಮಾಡಿ ಕೂರಿಸಿದರು. ಒಂದು ವಾರ ಬಯಲಿನಲ್ಲಿ ಖಾಲಿ ಡ್ರಮ್ಮುಗಳನ್ನಿಟ್ಟುಕೊಂಡು ಸುತ್ತಿದೆ. ಸಮನೆಲ, ನಿಧಾನದ ಓಟ, ದೊಡ್ಡ ಬಳೆ. ಕೈ ಸಾಕಷ್ಟು ಮಾತು ಕೇಳಿತು. ಎಲ್ಲೋ ಒಂದೆರಡು ಸಲ ಜಾರಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಇನ್‌ಸ್ಪೆಕ್ಟರಿಗೆ ತೋರಿಸುವ ಹಿಂದಿನ ಸಂಜೆ ಗಾಡಿಯನ್ನು ನಮ್ಮ ಮನೆಯ ಮುಂದೆ ತಂದು ನಿಲ್ಲಿಸಿದೆ. ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಗಾಡಿಗೆ ಮೂರು ಸುತ್ತು ಬಂದಳು. ಅವಳ ತವರು ಶ್ರೀನಿವಾಸಪುರದ ಆಚೆ. ಗಾಡಿ ಪಾಸಾದ ಮಾರನೇ ದಿನದ ಮೊದಲ ಟ್ರಿಪ್ಪಿಗೇ ಹೊರಡುವುದೆಂದು ಬಟ್ಟೆ ಗಂಟು ಆಗಲೇ ಕಟ್ಟಿಟ್ಟಿದ್ದಳು. "ನಿಮ್ಮ ಬೆನ್ನ ಹಿಂದಿನ ಬೆಂಚಿಗೇ ಕೂತ್ಕೋತೀವಿ. ಅಪ್ಪ ಗಾಡಿ ಹೊಡೆಯೋದ್ನ ಮಗು ನೋಡ್ಲಿ" ಎಂದಳು. ನಾನು ನಕ್ಕೆ.

ನಮ್ಮ ಮನೆಗಳಲ್ಲಿ ಒನಕೆ ತಂದರೂ ಮಣೆ ತಂದರೂ, ಮರದ್ದಾದರೆ ಎಣ್ಣೆ ಅರಿಶಿನ ಸವರದೆ ಬಳಸುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಸ್ಟೀರಿಂಗಿನ ಬಳೆ ಸುತ್ತಲೂ ಹಳದಿ, ನಡುವೆ ಕುಂಕುಮ. ನಾನು ಮಲಗಿದ ಮೇಲೆ ಮಾಡಿದ್ದಾಳೆ. ಗದರಲು ಹೊತ್ತಿರಲಿಲ್ಲ. ಶೆಡ್ಡಿನ ಹತ್ತಿರ ಮೂವರೂ ಕಾಯುತ್ತಿದ್ದರು.

ಇನ್‌ಸ್ಪೆಕ್ಟರು ನನ್ನ ಪಕ್ಕದಲ್ಲಿ ಕೂತರು. ಸಾಹುಕಾರರೂ ಮಿಸ್ತ್ರಿಯೂ ಹಿಂದಿನ ಬೆಂಚಿನಲ್ಲಿ. ಊರೊಳಗೆ ಎಲ್ಲ ಸರಿಹೋಯಿತು. ಕೆರೆ ಏರಿಯ ಮೇಲೆ ಇನ್‌ಸ್ಪೆಕ್ಟರು ಒಂದು ಕಡೆ ನಿಲ್ಲಿಸಹೇಳಿ, "ಈಗ ಹೊರಡು, ವೇಗ ತೋರ್ಸು" ಎಂದರು. ನನ್ನ ಅಂಗೈ ಬೆವರುತ್ತಿತ್ತು. ಒಂದನೇ ಗೇರಿನಲ್ಲಿ ಎಂಜಿನ್ನು ಅಬ್ಬರಿಸಿತು. ಎರಡನೇ ಗೇರಿಗೆಂದು ಎಡಗೈ ಕೆಳಗೆ ಹೋದ ಗಳಿಗೆಯಲ್ಲೇ ಮುಂದಿನ ಚಕ್ರ ಎತ್ತಿನ ಬಂಡಿಯ ಜಾಡಿಗೆ ಬಿತ್ತು. ಸ್ಟೀರಿಂಗು ಗಿರ್ರನೆ ತಿರುಗಿ ನನ್ನ ಬಲಗೈಯಿಂದ ಕಿತ್ತುಕೊಂಡಿತು. ಗಾಡಿ ನೀರಿನ ಕಡೆಗೆ ನುಗ್ಗಿತು. ಹಿಂದಿನಿಂದ ಸಾಹುಕಾರರು ಅಮ್ಮಾ ಎಂದು ಕಿರುಚಿದರು. ಎಡಗೈಯಲ್ಲಿ ಬಳೆ ಬಾಚಿ, ಬ್ರೇಕಿನ ಮೇಲೆ ನಿಂತುಬಿಟ್ಟೆ. ಗಾಡಿ ನಿಂತಾಗ ಮುಂದಿನ ಚಕ್ರಕ್ಕೂ ಏರಿಯ ಅಂಚಿಗೂ ಒಂದು ಮೊಳ ಇತ್ತು. ಕೆಳಗೆ ಬಟ್ಟೆ ಒಗೆಯುತ್ತಿದ್ದವರು ಒಗೆಯುವುದನ್ನು ಬಿಟ್ಟು ಮೇಲೆ ನೋಡುತ್ತಿದ್ದರು.

ಇನ್‌ಸ್ಪೆಕ್ಟರು ಉಸಿರು ತೆಗೆದುಕೊಂಡು ನನ್ನ ಅಂಗೈ ನೋಡಿದರು. ಅದು ಹಳದಿಯಾಗಿತ್ತು. "ಏನಯ್ಯಾ ಇದು, ಸ್ಟೀರಿಂಗಿಗೆ ಎಣ್ಣೆ ಅರಿಶಿನ ಬಳ್ಕೊಂಡು ಬಂದಿದ್ದೀಯಲ್ಲ! ಜಾರದೆ ಇನ್ನೇನು? ಒರೆಸಿ ಇನ್ನೊಂದ್ಸಲ ತೋರ್ಸು."

ನನಗೆ ಹೋದ ಜೀವ ಬಂದ ಹಾಗಾಯಿತು. "ಹೌದು ಸಾರ್, ಮನೇಲಿ ಹೆಂಗಸ್ರು ಮಾಡಿದ್ದು. ಅವರಿಗೇನು ಗೊತ್ತಾಗ್ತದೆ" ಎಂದೆ. ಒಂದು ಕ್ಷಣವೂ ತಡವರಿಸದೆ ಅಂದೆ. ಇವತ್ತಿಗೂ ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಿಸ್ತ್ರಿ ಇಳಿದು ಬಂದು ಹೆಗಲ ಬಟ್ಟೆಯಿಂದ ಬಳೆಯನ್ನು ಒರೆಸಿದರು. ಒರೆಸಿದ ಬಟ್ಟೆಯನ್ನು ಬೆರಳ ನಡುವೆ ಉಜ್ಜಿದರು, ಮೂಸಿದರು. ನನ್ನನ್ನು ಒಂದು ಸಲ ನೋಡಿ, ಹೋಗಿ ಕೂತರು.

ಎರಡನೇ ಸಲ ನಾನು ಬಳೆಯನ್ನು ಹಿಡಿಯಲೇ ಇಲ್ಲ. ಮುಂಗೈಯನ್ನು ಸ್ಟೀರಿಂಗಿನ ಕಡ್ಡಿಗಳ ಒಳಗೆ ತೂರಿಸಿ ಸಿಕ್ಕಿಸಿಕೊಂಡೆ. ಅಂಗಿಯ ತೋಳು ಉದ್ದವಿತ್ತು, ಇನ್‌ಸ್ಪೆಕ್ಟರ ಕಣ್ಣು ರಸ್ತೆಯ ಮೇಲಿತ್ತು. ಗಾಡಿ ಏರಿ ದಾಟಿತು. ಕಾಗದಕ್ಕೆ ಸಹಿ ಬಿತ್ತು. ಸಾಹುಕಾರರು, ನಾಳೆ ಬೆಳಿಗ್ಗೆ ಮೊದಲ ಟ್ರಿಪ್ಪು ಎಂದು ಬೆನ್ನು ತಟ್ಟಿದರು. ಮಿಸ್ತ್ರಿ ನೆಟ್ಟಗೆ ಶೆಡ್ಡಿಗೆ ಹೋದರು.

ಮನೆಗೆ ಬರುವ ದಾರಿಯುದ್ದಕ್ಕೂ ಎಣ್ಣೆ, ಎಣ್ಣೆ ಎಂದು ನನಗೆ ನಾನೇ ಹೇಳಿಕೊಂಡೆ. ಎಣ್ಣೆ ಇಲ್ಲದಿದ್ದರೆ ಕೈ ಜಾರುತ್ತಿರಲಿಲ್ಲ. ಬಾಗಿಲು ದಾಟುವಷ್ಟರಲ್ಲಿ ಅದು ಕೋಪವಾಗಿ ಕುದಿಯುತ್ತಿತ್ತು. "ಯಾರೇ ನಿಂಗೆ ಹೇಳಿದ್ದು ಅದಕ್ಕೆ ಎಣ್ಣೆ ಬಳಿ ಅಂತ? ಇವತ್ತು ಮೂರು ಜನರ ಜೊತೆ ಕೆರೆ ಪಾಲಾಗ್ತಿದ್ದೆ!"

ಅವಳು ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಎಣ್ಣೆನಾ? ಮನೇಲಿ ಎಣ್ಣೆ ಎಲ್ಲಿತ್ತು? ಮೂರು ದಿನ ಆಯ್ತು ಮುಗಿದು, ನಿನ್ನೆ ಒಗ್ಗರಣೆನೂ ಹಾಕ್ಲಿಲ್ಲ. ಬರೀ ನೀರಲ್ಲಿ ಅರಿಶಿನ ಕಲಸಿ ಸವರಿದೆ. ಬೆಳಗಾಗೋ ಹೊತ್ಗೆ ಒಣಗಿತ್ತಲ್ಲ."

ಜಗಲಿಯ ಮೇಲೆ ಕೂತೆ. ಮಿಸ್ತ್ರಿ ಬಟ್ಟೆ ಮೂಸಿದ್ದು ನೆನಪಾಯಿತು. ಒಳಗೆ ಗೋಡೆಗೆ ಒರಗಿಸಿದ ಬಟ್ಟೆ ಗಂಟು ಕಾಣುತ್ತಿತ್ತು, ಅದರ ಮೇಲೆ ಮಗುವಿನ ಟೋಪಿ ಇಟ್ಟಿದ್ದಳು. ಬೆನ್ನ ಹಿಂದಿನ ಬೆಂಚು.

"ಬಾ ಇಲ್ಲಿ" ಎಂದು ಬಲಗೈ ಚಾಚಿದೆ. "ನಾನು ನಿನ್ನ ಕೈ ಹಿಡ್ಕೋತೀನಿ. ಬಿಡಿಸ್ಕೋ."

ಇದೇನು ಹುಚ್ಚು ಎಂಬಂತೆ ನೋಡಿ ಅವಳು ಕೈ ಕೊಟ್ಟಳು. ಇದ್ದ ಬಲವೆಲ್ಲ ಹಾಕಿ ಹಿಡಿದೆ. ಅವಳು ಮೆಲ್ಲಗೆ ಎಳೆದಳು ಅಷ್ಟೇ, ಬಳೆಯ ಸದ್ದೂ ಆಗದ ಹಾಗೆ ಕೈ ಬಿಡಿಸಿಕೊಂಡು ಹೋಯಿತು. ಮತ್ತೆ ಕೈ ಕೊಟ್ಟಳು, ಮತ್ತೆ ಹಾಗೇ ಆಯಿತು. ಅವಳ ಮುಖ ಬಿಳಿಚಿತು.

"ಹಂಗಾದ್ರೆ ಗಂಟು ಬಿಚ್ಚಿಬಿಡ್ಲಾ?" ಎಂದು ಕೇಳಿದಳು.

"ಬೇಡ" ಎಂದೆ. "ನಾನು ಸಾಹುಕಾರ್ರಿಗೆ ಹೇಳಿ ಬರ್ತೀನಿ. ನಾಳೆ ಯಾರು ಓಡಿಸ್ತಾರೋ ಓಡಿಸ್ಲಿ. ನಾನೂ ನಿಮ್ಮ ಬೆಂಚಲ್ಲೇ ಕೂತ್ಕೊಂಡು ಬರ್ತೀನಿ."